ನಾನು ನೋಡದ ಕಲ್ಲಿನ ಆನೆ

ನಮ್ಮಲ್ಲಿ ರಜೆ ಎಂದರೆ ಊರು. ಡೊಂಬಿವಲಿಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷ ದಾಟಿದ್ದರೂ ಉಡುಪಿಗಲ್ಲದೆ ಬೇರೆಲ್ಲಿಗೂ ನಾವು ಟಿಕೆಟ್ ತೆಗೆದವರಲ್ಲ. ನಾಗನಿಗೆ ಹಾಲೆರೆಯುವ ತನು, ಮನೆಯ ದೈವಕ್ಕೆ ಕೋಲ, ಯಾರದೋ ಮದುವೆ, ಅಷ್ಟರಲ್ಲಿ ರಜೆ ಮುಗಿದಿರುತ್ತಿತ್ತು. ಹಾಗಾಗಿ ಎರಡು ಸಾವಿರದ ಹದಿನೆಂಟರ ಚಳಿಗಾಲದಲ್ಲಿ, ರತ್ನಾಗಿರಿಯ ಹಳ್ಳಿಗಳ ಕಡೆ ಎರಡು ದಿನ ಹೋಗಿ ಬರುತ್ತೇನೆ ಎಂದಾಗ ನನ್ನ ಗಂಡ ಪೇಪರಿನಿಂದ ತಲೆ ಎತ್ತಿದರು.

"ಅಲ್ಲಿ ಯಾವ ದೇವಸ್ಥಾನ?"

"ದೇವಸ್ಥಾನ ಅಲ್ಲ. ಕಲ್ಲಿನ ಮೇಲೆ ಕೊರೆದ ಚಿತ್ರ ಉಂಟು. ಆನೆ, ಮೀನು, ಹುಲಿ. ಸಾವಿರಾರು ವರ್ಷ ಹಿಂದಿನದ್ದು."

"ಕಲ್ಲು ನೋಡ್ಲಿಕ್ಕೆ ರತ್ನಾಗಿರಿಗಾ? ನಿನ್ನ ತವರುಮನೆ ಹಿಂದೆಯೇ ಬೇಕಾದಷ್ಟು ಉಂಟಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ನನ್ನ ತವರುಮನೆಯ ಹಿಂದೆ ಮುರಕಲ್ಲಿನ ದೊಡ್ಡ ಪಾದೆಯಿತ್ತು, ಅಂಗಳದಷ್ಟು ಅಗಲದ ಚಪ್ಪಟೆ ಬಂಡೆ. ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಹರವಿ ಕಾಗೆ ಕಾಯುವುದು ನನ್ನ ಕೆಲಸ. ಮರಾಠಿ ಪೇಪರಿನಲ್ಲಿ ಬಂದ ಫೋಟೋದಲ್ಲಿ ಅಂಥದೇ ಕೆಂಪು ಪಾದೆ, ಅದರ ಮೇಲೆ ನಮ್ಮ ಹಾಲ್‌ಗಿಂತ ದೊಡ್ಡ ಆನೆ. ಇಷ್ಟು ಕೊರೆಯಲು ಎಷ್ಟು ದಿನ ಹಿಡಿಯಿತೋ, ಅಷ್ಟು ದಿನ ಅವರ ಮನೆಯ ಅಡುಗೆ ಯಾರು ನೋಡಿಕೊಂಡರೋ ಎಂದು ಯೋಚಿಸುತ್ತಾ ಕುಳಿತಿದ್ದೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕು, ಯಾರ ಮದುವೆಯೂ ಇಲ್ಲದೆ, ಯಾವ ಹರಕೆಯೂ ಇಲ್ಲದೆ. ನನಗೇ ಎಂದು ನಾನು ಬಯಸಿದ ಮೊದಲ ಪ್ರಯಾಣ ಅದು.

ಜೊತೆಗೆ ಬರಲು ಒಪ್ಪಿದವಳು ಪಕ್ಕದ ಬಿಲ್ಡಿಂಗಿನ ಗೆಳತಿ, ಧಾರವಾಡದ ಕಡೆಯವಳು. ವರ್ಷಗಳಿಂದ ನಮ್ಮದು ಒಂದೇ ಲೋಕಲ್, ಒಂದೇ ಲೇಡೀಸ್ ಬೋಗಿ. ಠಾಣೆಯಲ್ಲಿ ಇಳಿದು ಅವಳು ಶೇರ್ ರಿಕ್ಷಾ ಹಿಡಿದು ವಾಗ್ಳೆ ಎಸ್ಟೇಟಿಗೆ ಹೋಗುವಳು, ನಾನು ನೌಪಾಡಾದ ಆಫೀಸಿಗೆ ನಡೆಯುವೆ. ನಮ್ಮ ಮನೆಗಳ ನಡುವೆ ಸ್ಟೀಲಿನ ಡಬ್ಬಗಳು ಓಡಾಡುತ್ತಲೇ ಇರುತ್ತಿದ್ದವು. ಅವಳ ಶೇಂಗಾ ಚಟ್ನಿಪುಡಿ ಬಂದ ಡಬ್ಬದಲ್ಲಿ ನನ್ನ ಪತ್ರೊಡೆ ಹೋಗುತ್ತಿತ್ತು. ಬರಿ ಡಬ್ಬ ಮರಳಿಸುವ ಕ್ರಮ ಇಬ್ಬರ ಕಡೆಯೂ ಇಲ್ಲ.

ರೈಲಿನಲ್ಲೇ ಎಲ್ಲ ಗೊತ್ತುಮಾಡಿದೆವು. ದಿವಾ ಸ್ಟೇಷನ್ನಿನಿಂದ ರತ್ನಾಗಿರಿಗೆ ಪ್ಯಾಸೆಂಜರ್, ಅಲ್ಲಿ ಯಾರದೋ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ, ದಿನಕ್ಕೆಂದು ಗೊತ್ತುಮಾಡಿದ ರಿಕ್ಷಾ. ಬೆಳಗಿನ ಓರೆ ಬಿಸಿಲಿನಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತವೆಂದು ಓದಿದ್ದೆ, ಹಾಗಾಗಿ ಬೇಗ ಏಳುವುದು.

"ಅಕ್ಕಾರ, ನಾವು ಆನಿ ನೋಡಾಕ ಹೊಂಟೀವೋ, ನಿಮ್ಮ ಡಬ್ಬಿ ಖಾಲಿ ಮಾಡಾಕೋ?"

"ಆನೆಗೆ ಹಸಿವೆ ಇಲ್ಲ ಮಾರಾಯ್ತಿ, ನಮಗೆ ಉಂಟಲ್ಲ."

ಹೊರಡುವ ಹಿಂದಿನ ದಿನ ಚಕ್ಕುಲಿ ಕರಿದು ಮುಗಿಸುವಷ್ಟರಲ್ಲಿ ಅವಳ ಫೋನು ಬಂತು. "ಅಕ್ಕಾರ, ಆಗಂಗಿಲ್ಲ. ನಮ್ಮತ್ತಿ ಜಾರಿ ಬಿದ್ದಾರ. ಕಲ್ಯಾಣಕ್ಕ ನಾದಿನಿ ಮನಿಗೆ ಒಯ್ದು ಮಲಗಿಸೀವಿ."

ಒಬ್ಬಳೇ ಹೋಗುವಷ್ಟು ಧೈರ್ಯ ನನಗಿರಲಿಲ್ಲ. ಅವಳ ಮನೆಯ ಹಿರಿಯರು ಮಲಗಿರುವಾಗ ಅವಳನ್ನು ಬಿಟ್ಟು ಹೋಗುವುದು ಸರಿಯೆಂದೂ ಕಾಣಲಿಲ್ಲ. ನೋಡಲು ಬಂದವರಿಗೆ ಚಹಾದ ಜೊತೆ ಆದೀತೆಂದು ಚಕ್ಕುಲಿಯ ಡಬ್ಬವನ್ನು ಅವಳ ಕೈಗೇ ಕೊಟ್ಟು ಬಂದೆ. ಅವಳು ನನ್ನ ಕೈ ಒತ್ತಿ ಹಿಡಿದಳು. ಅದು ನನಗೆ ಈಗಲೂ ನೆನಪಿದೆ.

ಮುಂದಿನ ವಾರ ಒಂದು ಸಂಜೆ ಬೆಲ್ ಆಯಿತು. ಬಾಗಿಲು ತೆರೆದರೆ ಅವಳ ಅತ್ತೆ. ಲಿಫ್ಟಿಲ್ಲದ ಬಿಲ್ಡಿಂಗಿನ ಮೂರು ಮಹಡಿ ಹತ್ತಿ, ನನ್ನ ಡಬ್ಬ ಹಿಡಿದು ನಿಂತಿದ್ದರು.

"ಒಳಗ ಬರಂಗಿಲ್ಲವಾ, ಸೀರಿಯಲ್ ಚಾಲೂ ಆಗ್ತೈತಿ. ತೊಗೋ ನಿನ್ನ ಡಬ್ಬಿ. ಬರೇ ಡಬ್ಬಿ ಹೆಂಗ ಕೊಡೂದು? ಸೊಸಿ ರತ್ನಾಗಿರಿಯಿಂದ ಆಂಬಾಪೋಳಿ ತಂದಿದ್ಲು, ಎರಡು ಹಾಕೀನಿ."

ಮಾವಿನ ರಸ ಒಣಗಿಸಿ ಮಾಡಿದ ಹಾಳೆ, ನಮ್ಮ ಕಡೆಯ ಮಾಂಬಳ. ಮುಚ್ಚಳ ತೆರೆದು ಅದನ್ನೇ ನೋಡುತ್ತಾ ಕೇಳಿದೆ, "ನೀವು ಬಿದ್ದದ್ದು ಈಗ ಹೇಗುಂಟು?"

"ನಾ ಎಲ್ಲಿ ಬಿದ್ನಿ? ಬೀಳಾಕ ಪುರಸೊತ್ತರ ಎಲ್ಲೈತಿ? ಬಿದ್ದಾಕಿ ನೀನಲ್ಲ? ಮೊಣಕಾಲು ಬಾತೈತಿ, ಅದಕ್ಕ ಬರಲಿಲ್ಲಂತ ಸೊಸಿ ಹೇಳಿದ್ಲು. ಆಕಿ ತಂಗಿ ರಬಾಳೆದಾಗ ಅದಾಳಲ್ಲ, ಹೊಸಾ ಗಾಡಿ ತೊಗೊಂಡಾರ. ಎಲ್ಲಾರೂ ಕೂಡಿ ಹೋಗಿದ್ರು. ನಿನ್ನ ಚಕ್ಲಿ ಪನವೇಲ ದಾಟೂದ್ರಾಗ ಖಾಲಿ ಅಂತ."

ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಆದರೆ ಮೂರು ಮಹಡಿ ಹತ್ತಿ ಬಂದ ಆ ಹಿರಿಯ ಜೀವಕ್ಕೆ, ನಿಮ್ಮ ಸೊಸೆ ನಿಮ್ಮನ್ನು ಹಾಸಿಗೆಗೆ ಹಾಕಿ ಹೋಗಿದ್ದಳು ಎಂದು ಹೇಗೆ ಹೇಳಲಿ?

"ಈಗ ಕಡಿಮೆ ಉಂಟು," ಎಂದೆ.

"ಎಣ್ಣಿ ಹಚ್ಚವಾ," ಎನ್ನುತ್ತಾ ಅವರು ಮೆಟ್ಟಿಲ ಕಂಬಿ ಹಿಡಿದು ಇಳಿದು ಹೋದರು.

ಗಂಡನಿಗೆ ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಅವರು ಕಲ್ಲಿನ ಮಾತು ತೆಗೆದು ನಗುತ್ತಿದ್ದರು. ಮರುದಿನ ಬೆಳಿಗ್ಗೆ ಅವಳು ಎಂದಿನ ಜಾಗದಲ್ಲಿ ನಿಂತಿದ್ದಳು. ಎಂದಿನಂತೆ ಮೊದಲು ನುಗ್ಗಿ ನನಗೂ ಸೀಟು ಹಿಡಿದಳು. ಅವಳೇ ಹೇಳಲಿ, ಹೇಳಿದರೆ ಸಾಕು, ಮುಗಿಯಿತು ಎಂದುಕೊಂಡು ಕೇಳಿದೆ, "ಅತ್ತೆ ಹೇಗಿದ್ದಾರೆ?"

"ಇನ್ನೂ ಹಾಸಿಗಿ ಮ್ಯಾಲೇ ಅದಾರ ಅಕ್ಕಾರ. ಏನ್ ಮಾಡೂದು."

ಮೊದಲ ಸುಳ್ಳಿಗೆ ಏನಾದರೂ ಕಾರಣವಿದ್ದೀತೆಂದು ರಾತ್ರಿಯೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಇದಕ್ಕೆ ಏನು ಹೇಳಿಕೊಳ್ಳಲಿ? ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

"ಆಂಬಾಪೋಳಿ ಚೆನ್ನಾಗಿತ್ತು ಅಂತ ಹೇಳು ಅವರಿಗೆ," ಎಂದೆ.

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಮುಂಬ್ರಾ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಗಾಡಿಯಾಗ ಜಾಗಾ ಇರಲಿಲ್ಲ," ಎಂದಳು.

"ಅಷ್ಟನ್ನೇ ಹೇಳಬಹುದಿತ್ತಲ್ಲ ಮಾರಾಯ್ತಿ."

ಠಾಣೆಯಲ್ಲಿ ಬೇರೆ ಬೇರೆ ಬಾಗಿಲಿನಿಂದ ಇಳಿದೆವು. ಮರುದಿನದಿಂದ ನಾನು ಹಿಂದಿನ ಲೋಕಲ್ ಹಿಡಿಯತೊಡಗಿದೆ. ಅದಕ್ಕಾಗಿ ಬೆಳಿಗ್ಗೆ ಕುಕ್ಕರ್ ಇನ್ನಷ್ಟು ಬೇಗ ಇಡಬೇಕಾಯಿತು.

ಊರಿಗೆ ಹೋಗುವಾಗ ರೈಲು ಈಗಲೂ ರತ್ನಾಗಿರಿಯಲ್ಲಿ ನಿಲ್ಲುತ್ತದೆ. "ಇಳೀತೀಯಾ, ನಿನ್ನ ಆನೆ ಕಾಯ್ತಾ ಉಂಟು," ಎಂದು ಗಂಡ ತಮಾಷೆ ಮಾಡುತ್ತಾರೆ. ನಾನು ಚಹಾ ತೆಗೆದುಕೊಳ್ಳುತ್ತೇನೆ. ಅವಳ ಚಟ್ನಿಪುಡಿ ಬಂದ ಕೊನೆಯ ಡಬ್ಬವೊಂದು ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಾಗೆಯೇ ಇದೆ. ಹಬ್ಬದ ಪಾತ್ರೆ ಇಳಿಸುವಾಗೆಲ್ಲ ಕೈಗೆ ಸಿಗುತ್ತದೆ. ಬರಿದೇ ಕಳಿಸುವ ಕ್ರಮವಿಲ್ಲ. ತೊಳೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತೇನೆ.