ಬೂಟಿನೊಳಗಿನ ಪಟ್ಟಿ

ಬರಿಗಾಲಲ್ಲಿ ಫುಟ್‌ಬಾಲ್ ಆಡಬಾರದು, ಎಲ್ಲರೂ ಬೂಟು ಹಾಕಲೇಬೇಕು ಎಂಬ ನಿಯಮ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಾನು ಆಗ ಬೈಕುಲ್ಲಾದ ಒಂದು ಬಟ್ಟೆ ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಧಾರವಾಡದಿಂದ ಬಂದು ಸಯನ್‌ನ ಚಾಳೊಂದರ ಒಂದು ಕೋಣೆಯಲ್ಲಿದ್ದೆ. ಗಿರಣಿಗೆ ತನ್ನದೇ ಒಂದು ತಂಡವಿತ್ತು. ಕೆಳಗಿನ ಡಿವಿಜನ್ನಿನ ಪಂದ್ಯಗಳಿಗೆ ಎರಡೂ ಕಡೆಯವರು ಒಬ್ಬೊಬ್ಬ ಲೈನ್ಸ್‌ಮನ್‌ನನ್ನು ಕೊಡಬೇಕಾಗಿದ್ದುದರಿಂದ, ಬಾವುಟ ಹಿಡಿದು ಗೆರೆಯ ಮೇಲೆ ಓಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆಟ ಬರುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವವನು ಎಂಬ ಹೆಸರು ಮಾತ್ರ ಇತ್ತು.

ತಂಡದ ಸೆಂಟರ್ ಫಾರ್ವರ್ಡ್ ಉಡುಪಿ ಕಡೆಯವನು. ಹೋಟೆಲಿನಲ್ಲಿ ಕೆಲಸಕ್ಕಿದ್ದವನ ಆಟವನ್ನು ಮೈದಾನದಲ್ಲಿ ನೋಡಿ ಗಿರಣಿಯವರು ಕರೆತಂದಿದ್ದರು. ಅವನದು ಬದಲಿ ಕಾರ್ಡು. ಎಂದರೆ ಬೆಳಿಗ್ಗೆ ಗೇಟಿನ ಹತ್ತಿರ ನಿಲ್ಲಬೇಕು; ಕಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಆ ದಿನ ಆ ಜಾಗಕ್ಕೆ ಇವನು, ಎಲ್ಲರೂ ಬಂದರೆ ಮನೆಗೆ. ಸೀಸನ್ ಮುಗಿಯುವವರೆಗೆ ಆಡಿದರೆ ಕಾಯಂ ಮಾಡುತ್ತೇವೆ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಊರಿನಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಕಾರ್ಡು ಕಾಯಂ ಆಗಲಿ, ಆಮೇಲೆ ದಿನ ಇಡೋಣ ಎಂದು ಅವಳ ಮನೆಯವರು ಕಾಯುತ್ತಿದ್ದರು.

ತಂಡಕ್ಕೆ ಕಲಿಸಲು ಬರುತ್ತಿದ್ದವರು ಹತ್ತಿರದ ಒಂದು ಶಾಲೆಯ ಫಾದರ್. ಸ್ಪೇನಿನವರು. ಪಾದ್ರಿಯಾಗುವ ಮೊದಲು ಅಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿದವರು, ಅವರೂ ಫಾರ್ವರ್ಡೇ. ಇದನ್ನು ಅವರು ಒಂದೇ ಸಲ ಕೂತು ಹೇಳಿದ್ದಲ್ಲ. ಬಸ್ಸಿಗೆ ಕಾಯುವಾಗ, ಮಳೆ ನಿಲ್ಲಲಿ ಎಂದು ಛತ್ರಿಯಡಿ ನಿಂತಾಗ, ಒಂದೊಂದು ತುಂಡಾಗಿ ಇಂಗ್ಲಿಷಿನಲ್ಲಿ ಹೇಳಿದ್ದು. ಸಮುದ್ರದ ದಂಡೆಯ ಊರು. ತಂದೆ ಮೀನಿಗೆ ಉಪ್ಪು ಹಾಕುವ ಕಾರ್ಖಾನೆಯಲ್ಲಿದ್ದರು. ಮರಳಿನ ಮೇಲೆ ಬರಿಗಾಲಲ್ಲಿ ಆಡುತ್ತಿದ್ದ ಇವರನ್ನು ಹದಿನೇಳನೆಯ ವಯಸ್ಸಿಗೆ ಒಂದು ಕ್ಲಬ್ಬು ತೆಗೆದುಕೊಂಡಿತು. ಐದು ಸೀಸನ್ ಆಡಿದರು. ಎಷ್ಟು ಗೋಲು ಹೊಡೆದಿರಿ ಎಂದು ಒಮ್ಮೆ ಕೇಳಿದೆ. “ಎಣಿಸಲಿಕ್ಕೆ ಬೇರೆಯವರಿದ್ದರು” ಎಂದರು. ಐದನೆಯ ಸೀಸನ್ನಿನಲ್ಲಿ ಮೊಣಕಾಲು ಹೋಯಿತು. ಇದು ಹಳೆಯ ನೋವು, ಆಟಗಾರ ಮುಚ್ಚಿಟ್ಟಿದ್ದ ಎಂದು ಕ್ಲಬ್ಬಿನವರು ಬರೆದುಕೊಂಡು ಹೆಸರು ತೆಗೆದುಹಾಕಿದರು. ನಿಜಕ್ಕೂ ಮುಚ್ಚಿಟ್ಟಿದ್ದಿರೇ ಎಂದು ನಾನು ಕೇಳಲಿಲ್ಲ. ಬಸ್ಸು ಬಂತು.

ಬರಿಗಾಲಿನ ಆಟಗಾರರಿಗೆ ಪಾದಕ್ಕೂ ಕಣಕಾಲಿಗೂ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಳ್ಳುವ ಅಭ್ಯಾಸವಿತ್ತು. ನಮ್ಮ ಫಾರ್ವರ್ಡ್ ಬೂಟು ಹಾಕಿದ ಮೇಲೂ ಅದನ್ನು ಬಿಡಲಿಲ್ಲ. ಪಟ್ಟಿ ಹಿಡಿಸಲೆಂದು ಒಂದು ಸೈಜು ದೊಡ್ಡ ಬೂಟು ತೆಗೆದುಕೊಂಡಿದ್ದ. ಅಭ್ಯಾಸದ ದಿನ ಫಾದರ್ ಅವನ ಬೂಟು ಬಿಚ್ಚಿಸಿ, ಪಟ್ಟಿಯನ್ನು ಎಳೆದು ತೆಗೆದು, ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು: ಒಳಗೆ ಕಾಲುಚೀಲ ಮಾತ್ರ. ಬೂಟು ಕಾಲಿಗೆ ಹಿಡಿದಿರಬೇಕು. ಸಡಿಲವಾದರೆ ಕೆಸರಿನಲ್ಲಿ ಬೂಟು ನಿಲ್ಲುತ್ತದೆ, ಕಾಲು ತಿರುಗುತ್ತದೆ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಸರಿಯಾಗಿ ಕೇಳಿಸಿತು.

ಸೀಸನ್ನಿನಲ್ಲಿ ಇನ್ನು ಎರಡು ಪಂದ್ಯ ಉಳಿದಿದ್ದವು. ಅದರಲ್ಲಿ ಮೊದಲನೆಯದರ ದಿನ ಮಳೆ ನಿಂತಿತ್ತು, ಮೈದಾನ ಕೆಸರು. ಆಟ ಶುರುವಾಗುವ ಮೊದಲು ಎಲ್ಲರ ಬೂಟಿನ ಅಡಿ ಮುಟ್ಟಿ ಮೊಳೆ ಎದ್ದಿದೆಯೇ ಎಂದು ನೋಡುವುದು ಲೈನ್ಸ್‌ಮನ್‌ನ ಕೆಲಸ. ನಮ್ಮ ಫಾರ್ವರ್ಡನ ಎಡಗಾಲು ಎತ್ತಿಸಿದೆ. ಮೊಳೆ ಇರಲಿಲ್ಲ. ಹಿಮ್ಮಡಿಯ ಮೇಲೆ ಬಿಳಿ ಪಟ್ಟಿಯ ಅಂಚು ಕಾಣುತ್ತಿತ್ತು.

“ಮತ್ತ ಸುತ್ತಿಕೊಂಡೀಯಲ್ಲೊ” ಎಂದೆ.

“ಮೆಲ್ಲ ಹೇಳಿ ಮಾರಾಯ್ರೆ. ಫಾದರ್ ಅಲ್ಲೇ ಇದ್ದಾರೆ.”

“ಬ್ಯಾಡ ಅಂತ ಹೇಳ್ಯಾರಲ್ಲ ಅವರು?”

“ಹೇಳಿದ್ದಾರೆ. ಆದ್ರೆ ಇದಿಲ್ಲದಿದ್ರೆ ಬಾಲ್ ಎಲ್ಲಿಗೆ ತಾಗಿತು ಅಂತಲೇ ನಂಗೆ ಗೊತ್ತಾಗುದಿಲ್ಲ. ಕಾಲು ನಂದಾ, ಬಾಡಿಗೆಗೆ ತಂದದ್ದಾ ಅಂತ ಆಗ್ತದೆ. ಇನ್ನು ಎರಡೇ ಮ್ಯಾಚ್ ಅಲ್ವಾ? ನೀವು ಮೊಳೆ ನೋಡ್ಲಿಕ್ಕೆ ಬಂದದ್ದು. ಮೊಳೆ ಉಂಟಾ?”

“ಇಲ್ಲ.”

“ಹಾಗಾದ್ರೆ ಮುಂದಿನವನ ಕಾಲು ನೋಡಿ.”

ನಾನು ನಗುತ್ತ ಮುಂದಿನವನ ಕಾಲು ನೋಡಿದೆ.

ದ್ವಿತೀಯಾರ್ಧದಲ್ಲಿ ಅವನು ಬಿದ್ದ. ನಾನು ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ. ಯಾರೂ ಅವನನ್ನು ಮುಟ್ಟಿರಲಿಲ್ಲ. ಚೆಂಡನ್ನು ಬಲಗಾಲಿಗೆ ತಂದು ಎಡಗಾಲಿನ ಮೇಲೆ ತಿರುಗಿದ. ಎಡಬೂಟು ಕೆಸರಿನಲ್ಲಿ ಇದ್ದ ಕಡೆಯೇ ಇತ್ತು. ಅವನ ಮೈಯೆಲ್ಲ ತಿರುಗಿತು, ಮೊಣಕಾಲು ಅರ್ಧ ತಿರುಗಿತು. ಹಸಿ ಕೊಂಬೆ ಸೀಳಿದ ಹಾಗೆ ಒಂದು ಸದ್ದು. ನನ್ನ ಕೈಯಲ್ಲಿದ್ದ ಬಾವುಟ ಮೇಲೆದ್ದಿತ್ತು. ಯಾಕೆ ಎತ್ತಿದೆನೋ ನನಗೆ ಇಂದಿಗೂ ತಿಳಿಯದು. ಫಾದರ್ ಓಡಿ ಬಂದು ಬೂಟು ಬಿಚ್ಚಿದರು, ಪಟ್ಟಿಯನ್ನು ನೋಡಿದರು, ಅದನ್ನು ಬಿಚ್ಚಿ ತಮ್ಮ ನಿಲುವಂಗಿಯ ಜೇಬಿಗೆ ಹಾಕಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನು ಆಟವಿಲ್ಲ, ಮಗ್ಗದ ಮುಂದೆ ನಿಲ್ಲುವ ಕೆಲಸವೂ ಇಲ್ಲ ಎಂದರು.

ಹಾಗಿದ್ದರೂ ದಾರಿ ಮುಚ್ಚಿರಲಿಲ್ಲ. ಗಿರಣಿಗಾಗಿ ಆಡುತ್ತ ಪೆಟ್ಟಾದವನನ್ನು ಗೋದಾಮಿನಲ್ಲಿ ಕೂತು ಮಾಡುವ ಕೆಲಸಕ್ಕೆ ಕಾಯಂ ಆಗಿ ಹಾಕಬಹುದು ಎಂದು ಮ್ಯಾನೇಜರೇ ಹೇಳಿದರು. ಪೆಟ್ಟು ಹೇಗಾಯಿತು ಎಂದು ಹತ್ತಿರದಿಂದ ನೋಡಿದವರದು ಒಂದು ಬರಹ ಬೇಕಿತ್ತು. ನನ್ನನ್ನು ಕೇಳಿದರು. ನಾನು ಎರಡು ಸಂಜೆ ಕೂತು ಇಂಗ್ಲಿಷಿನಲ್ಲಿ ಬರೆದೆ. ಎಷ್ಟು ಹೆಜ್ಜೆ ದೂರ, ಯಾವ ಕಾಲು, ಯಾವ ಕಡೆಗೆ ತಿರುಗಿದ್ದು, ಎಲ್ಲವನ್ನೂ ಬರೆದೆ. ಅದರ ಕೆಳಗೆ ಬೇರೆಯಾಗಿ ಪಟ್ಟಿಯ ವಿಷಯ, ದೊಡ್ಡ ಬೂಟಿನ ವಿಷಯ, ಫಾದರ್ ಬೇಡವೆಂದದ್ದು, ಅವನು ಕೇಳದೆ ಹೋದದ್ದು. ಪಟ್ಟಿ ಕಂಡೂ ನಾನು ಸುಮ್ಮನಿದ್ದೆ ಎಂಬುದನ್ನೂ ಬರೆದೆ. ನನ್ನ ತಪ್ಪನ್ನೂ ಸೇರಿಸಿದ್ದೇನೆ, ಆದ್ದರಿಂದ ಇದು ನ್ಯಾಯವಾದ ಬರಹ ಎಂದುಕೊಂಡಿದ್ದೆ.

ಮ್ಯಾನೇಜರಿಗೆ ಕೊಟ್ಟ ಮೇಲೆ ಅದರ ನಕಲನ್ನು ಫಾದರಿಗೆ ತೋರಿಸಿದೆ. ಅವರು ಶಾಲೆಯ ಮೆಟ್ಟಿಲಿನ ಮೇಲೆ ಕೂತು ಎರಡು ಸಲ ಓದಿದರು.

“ಹೇಗೆ ಬಿದ್ದ ಎಂದಷ್ಟೇ ಮ್ಯಾನೇಜರ್ ಕೇಳಿದರು. ಈ ಕೆಳಗಿನದನ್ನು ಯಾರು ಕೇಳಿದರು?”

“ನಡೆದದ್ದನ್ನೇ ಬರೆದಿದ್ದೇನೆ, ಫಾದರ್.”

“ಆ ಕ್ಲಬ್ಬಿನಲ್ಲಿ ನನ್ನ ಮೇಲೆ ಬರೆದವನೂ ಒಳ್ಳೆಯವನೇ ಆಗಿದ್ದ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎದ್ದು, ಛತ್ರಿ ತೆಗೆದುಕೊಂಡು, “ನಡೆಯಿರಿ” ಎಂದರು.

ಮ್ಯಾನೇಜರ ಕೋಣೆಯಲ್ಲಿ ಫಾದರ್ ಕೂರಲಿಲ್ಲ. ಪಟ್ಟಿ ಸುತ್ತಿಕೋ ಎಂದು ಹೇಳಿದ್ದು ನಾನೇ, ಅದು ನನ್ನ ತಪ್ಪು, ಅವನದಲ್ಲ ಎಂದರು. ಐದು ಸೀಸನ್ ಸಂಬಳಕ್ಕೆ ಆಡಿದ ಮನುಷ್ಯ ಹೀಗೆ ಕಲಿಸಿದ್ದರೆಂದು ಯಾರೂ ನಂಬುವ ಹಾಗಿರಲಿಲ್ಲ. ಆದರೆ ಹೇಳುತ್ತಿದ್ದವರು ಪಾದ್ರಿ. ಮ್ಯಾನೇಜರ್ ನನ್ನ ಬರಹವನ್ನು ಮೇಜಿನ ಮೇಲೆ ಬಿಡಿಸಿಟ್ಟು ನನ್ನ ಕಡೆ ನೋಡಿದರು.

“ನೀವು ತಪ್ಪಾಗಿ ಕೇಳಿಸಿಕೊಂಡಿರಬಹುದೇ?”

ಇರಬಹುದು ಎಂದರೆ ಸಾಕಿತ್ತು. ಮ್ಯಾನೇಜರೂ ಅದನ್ನೇ ಬಯಸಿದ್ದರು ಎಂದು ಈಗ ತೋರುತ್ತದೆ. ನಾನು ಆ ದಿನದ ಅಭ್ಯಾಸವನ್ನು ಮನಸ್ಸಿನಲ್ಲಿ ಮತ್ತೆ ನೋಡತೊಡಗಿದೆ. ಮೂರು ಹೆಜ್ಜೆ ದೂರ. ಗಾಳಿ ಇರಲಿಲ್ಲ. ಪಟ್ಟಿ ಎಳೆದದ್ದನ್ನು ಕಣ್ಣಾರೆ ಕಂಡಿದ್ದೆ. ಫಾದರ್ ನನ್ನ ಕಡೆ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಕಾಗದ ಮಡಚಿದರು. “ಸರಿ, ತಿಳಿಯಿತು” ಎಂದರು. ಹೇಳಿದ್ದನ್ನು ಕೇಳದೆ ತಾನೇ ತಂದುಕೊಂಡ ಪೆಟ್ಟು ಎಂದು ಆ ವಾರವೇ ಅವನ ಬದಲಿ ಕಾರ್ಡು ರದ್ದಾಯಿತು. ಗೋದಾಮಿನ ಜಾಗಕ್ಕೆ ಬೇರೊಬ್ಬ ಬಂದ. ಫಾದರ್ ತಂಡಕ್ಕೆ ಕಲಿಸಲು ಮತ್ತೆ ಬರಲಿಲ್ಲ.

ನಮ್ಮ ಫಾರ್ವರ್ಡ್ ಈಗ ಮಲಾಡ್‌ನಲ್ಲಿ ತನ್ನ ಊರಿನವರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆಂದು ತಿಳಿದು, ಮುಂದಿನ ಮಳೆಗಾಲದಲ್ಲಿ ಒಂದು ಭಾನುವಾರ ಲೋಕಲ್ ರೈಲು ಹಿಡಿದು ಹೋದೆ. ಗಲ್ಲಾದ ಹತ್ತಿರದ ಮೇಜನ್ನು ತೋರಿಸಿ ಕೂರಿಸಿದ. ಇಡ್ಲಿ ತರಿಸಿದ. ಊರಿನ ಹೆಣ್ಣಿನ ಮದುವೆ ಬೇರೆ ಕಡೆ ಆಯಿತೆಂದು, ಚಿಲ್ಲರೆ ಕೊಡುತ್ತಲೇ ಹೇಳಿದ.

ನಾನು ಇಡ್ಲಿ ಮುಗಿಸುವಾಗ ಕೇಳಿದ: “ಫಾದರ್ ನಂಗೋಸ್ಕರ ಸುಳ್ಳು ಹೇಳಿದ್ರಂತೆ ಹೌದಾ?”

“ಹೌದು.”

“ನೀವು ಯೋಚನೆ ಮಾಡ್ತಾ ನಿಂತ್ರಂತೆ.”

“ಹೌದು. ಹೇಳಬೇಕಂತ ಬಾಯಿಗೆ ಬಂದಿತ್ತು.”

“ಯಾವುದು? ನಿಜವಾ, ಸುಳ್ಳಾ?”

ನಾನು ಉತ್ತರ ಹುಡುಕುತ್ತ ಕೂತೆ. ಒಬ್ಬ ಗಿರಾಕಿ ಬಂದ, ಹೋದ.

“ಇರ್ಲಿ ಬಿಡಿ ಮಾರಾಯ್ರೆ, ಮತ್ತೆ ಯೋಚನೆಗೆ ಕೂರ್ಬೇಡಿ” ಎಂದು ನಕ್ಕ. ಆಮೇಲೆ ಒಳಗಿನವರಿಗೆ ಕೂಗಿ ನನಗೆ ಕಾಫಿ ಹೇಳಿದ. ತಡವಾದಾಗ ತಾನೇ ಏಳಲು ಹೋಗಿ, ಗಲ್ಲಾದ ಅಂಚು ಹಿಡಿದು, ಮತ್ತೆ ಕೂತ.