ಭವಾನಿಪುರಂನ ಕಲ್ಲಚ್ಚು

೧೯೮೯ರ ಮೇ ತಿಂಗಳು. ವಿಶಾಖಪಟ್ಟಣದಿಂದ ಹೊರಟಾಗ ಬೆಳಿಗ್ಗೆಯೇ ಬೆವರು ಸುರಿಯುತ್ತಿತ್ತು. ಅಮ್ಮ ನೌಕಾನೆಲೆಯ ಕ್ವಾರ್ಟರ್ಸಿನಲ್ಲಿ ನನ್ನ ತಂಗಿಯ ಜೊತೆ ಇದ್ದಳು. "ಒಂದೇ ಸಾಲು ಸಿಕ್ಕರೂ ಸಾಕು, ಬರಕೊಂಡು ಬಾ," ಎನ್ನುತ್ತ ಬಾಗಿಲಿನವರೆಗೆ ಬಂದಳು.

ತನ್ನ ಅಜ್ಜ ಬಳ್ಳಾರಿಯಲ್ಲಿ ಕನ್ನಡ ವಾರಪತ್ರಿಕೆ ನಡೆಸಿದ್ದರೆಂದು ಅವಳೊಬ್ಬಳೇ ಹೇಳುತ್ತಿದ್ದಳು, ನೆಂಟರು ನಗುತ್ತಿದ್ದರು. ಒಂದು ಪ್ರತಿಯೂ ಉಳಿದಿರಲಿಲ್ಲ. ಅದನ್ನು ಮುದ್ರಿಸಿದ ಕಲ್ಲು ಮಾತ್ರ ಸೋದರಮಾವನ ಜೊತೆ ವಿಜಯವಾಡ ಸೇರಿತ್ತು. ಹತ್ತು ವರ್ಷದವನಿದ್ದಾಗ ಅಲ್ಲಿ ಅದನ್ನು ನೋಡಿದ್ದೆ, ಅದರ ಮೇಲಿನ ಸಾಲುಗಳನ್ನು ಓದಿದ್ದೆ. ಹಳೆಯ ಪತ್ರಿಕೆಗಳ ಕುರಿತು ಬರೆಯುತ್ತಿದ್ದ ನನ್ನ ಪುಸ್ತಕದಲ್ಲಿ ಈ ಪತ್ರಿಕೆಗೆ ಆ ನೆನಪೊಂದೇ ಆಧಾರ.

ಸೆಕೆಂಡ್ ಕ್ಲಾಸಿನಲ್ಲಿ ಕಿಟಕಿ ಸಿಕ್ಕಿತು. ಮುನ್ನೂರೈವತ್ತು ಕಿಲೋಮೀಟರು ದಾರಿ. ದುವ್ವಾಡ ದಾಟಿದ ಮೇಲೆ ಬಿಸಿಗಾಳಿ ಶುರುವಾಯಿತು. ತುನಿಯಲ್ಲಿ ಮಾವಿನಹಣ್ಣು ಕೊಂಡು, ಎದುರು ಕೂತಿದ್ದ ಗದಗಿನ ನಾವಿಕನೊಬ್ಬನಿಗೂ ಕೊಟ್ಟೆ. ನನ್ನ ಕೆಲಸವೇನೆಂದು ಕೇಳಿದ. ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ ಮೂಡಿದ್ದು ಎಂದೆ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಮೂಡಿಸುತ್ತಾರೆ. ನೀರು ಸವರಿದರೆ ಕಲ್ಲು ನೆನೆಯುತ್ತದೆ, ಅಕ್ಷರ ನೆನೆಯುವುದಿಲ್ಲ. ಶಾಯಿ ಅಕ್ಷರಕ್ಕಷ್ಟೇ ಹತ್ತುತ್ತದೆ. ಮುಂದಿನ ವಾರ ಮರಳು ಹಾಕಿ ಉಜ್ಜಿ, ಅದೇ ಕಲ್ಲಿನ ಮೇಲೆ ಹೊಸ ಸಂಚಿಕೆ.

"ಅಂದ್ರ ಎರಡನೇದು ಬರಬೇಕಂದ್ರ ಮೊದಲನೇದನ್ನ ಕೊಲ್ಲಬೇಕು!" ಎಂದ ಅವನು. ಆಮೇಲೆ ನಕ್ಕ. "ಉಲ್ಟಾ ಇದ್ದದ್ದನ್ನ ಸಣ್ಣಾವ್ರಿದ್ದಾಗ ಹೆಂಗ ಓದಿದ್ರಿ ಸರ? ಕನ್ನಡಿ ಹಿಡಿದಿದ್ರೇನು?"

ಗಾಡಿ ಗೋದಾವರಿ ಸೇತುವೆಯ ಮೇಲಿತ್ತು. ನನಗೆ ನಗು ಬರಲಿಲ್ಲ. ನನ್ನ ನೆನಪಿನಲ್ಲಿ ಅಕ್ಷರಗಳು ನೆಟ್ಟಗಿದ್ದವು.

ಸಂಜೆ ವಿಜಯವಾಡದ ಭವಾನಿಪುರಂ ಮುಟ್ಟಿದೆ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ತೆಲುಗು ಮನೆತನದಿಂದ ಬಂದ ಅತ್ತೆ ಮಜ್ಜಿಗೆ ಕೊಟ್ಟು, "ಅಯ್ಯೋ ನಾಯನಾ, ಬಚ್ಚಲು ಬಂಡೆಗಾಗಿ ಇಷ್ಟು ದೂರ ಬಂದ್ಯಾ?" ಎಂದರು.

"ನಾವು ದಿನಾ ಪೇಪರ್ ಮೇಲೆ ನಿಂತು ಸ್ನಾನ ಮಾಡ್ತಿದೀವಿ ಅನ್ನು!" ಎಂದು ಅವರ ಮಗ ನಕ್ಕ.

ಬಚ್ಚಲಿನಲ್ಲಿ ಕೂತು, ನೆಲಕ್ಕೆ ಹಾಸಿದ್ದ ಆ ಕಲ್ಲಿನ ಮೇಲೆ ಚೊಂಬಿನಿಂದ ನೀರು ಸುರಿದೆ. ಜಿಡ್ಡು ಉಳಿದಿದ್ದರೆ ಅಕ್ಷರವೊಂದಾದರೂ ಒಣಗಿ ಕಾಣಬೇಕಿತ್ತು. ಇಡೀ ಕಲ್ಲು ಒಂದೇ ಸಮ ಕಪ್ಪಾಯಿತು. ಮೈತುಂಬ ಉಳಿ ಹೊಡೆದ ಗುಂಡಿಗಳು. ಒಂದೊಂದರಲ್ಲೂ ನೀರು ನಿಂತಿತು.

"ತುಂಬಾ ಜಾರ್ತಿತ್ತು. ನಿಮ್ಮ ಮಾವ ಬಿದ್ದು ಸೊಂಟ ಮುರ್ಕೊಂಡ್ರು ಗದಾ, ಆಮೇಲೆ ಉಳಿ ಹೊಡೆಸಿದ್ವಿ," ಎಂದರು ಅತ್ತೆ.

ಅವರನ್ನು ಏನೆಂದು ದೂರಲಿ? "ಅದಕ್ಕೆ ಮುಂಚೆ ಅಕ್ಷರ ಇತ್ತಲ್ಲ ಅತ್ತೆ?"

"ಏಮೋ ನಾಯನಾ. ನಾನು ಮದ್ವೆಯಾಗಿ ಬಂದಾಗಿಂದ ನುಣ್ಣಗೇ ಇತ್ತು."

ಅವರ ಮದುವೆಯಾದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಹಾಗಾದರೆ ನಾನು ಓದಿದ್ದೇನು? ಅಮ್ಮನ ಮಾತನ್ನೇ ಕೇಳಿ ಕೇಳಿ ಕಲ್ಲಿನ ಮೇಲೆ ಬರೆದುಕೊಂಡೆನೆ?

ಮರುದಿನದ ಗಾಡಿಯಲ್ಲಿ ಆ ಸಾಲುಗಳನ್ನು ನೆನೆಯಲು ನೋಡಿದೆ. ಉಳಿಯ ಗುಂಡಿಗಳಷ್ಟೇ ಕಣ್ಣಿಗೆ ಕಟ್ಟಿದವು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು: "ನೀನು ಓದಿದ್ದೆ ಅಂತ ಹೇಳಿದ ಮೇಲೇ ಕಣೋ, ಅಜ್ಜನ ಪತ್ರಿಕೆ ನಿಜ ಅಂತ ನನಗೆ ಗಟ್ಟಿ ನಂಬಿಕೆ ಬಂದಿದ್ದು. ಈಗ?"