ಹಕ್ಕಿ ಗಂಜಿ

ಆಗೆಲ್ಲ ನಮ್ಮ ಕೃಷ್ಣಮೂರ್ತಿಪುರಂ ಮನೆಗಳಲ್ಲಿ ಹೆಣ್ಣುಮಕ್ಕಳು ನಕ್ಕರೆ ಅದಕ್ಕೆ ನಗು ಅನ್ನುತ್ತಿರಲಿಲ್ಲ, ಹಲ್ಲು ಕಿರಿಯೋದು ಅನ್ನುತ್ತಿದ್ದರು. ನನ್ನ ವಯಸ್ಸಿನವರೆಲ್ಲ ಅದನ್ನು ಕೇಳಿಕೊಂಡೇ ಬೆಳೆದವರು. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂಬ ಗಾದೆಯನ್ನು ನಮ್ಮ ತಾತ ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ದಿನವೂ ಹೇಳುತ್ತಿದ್ದರು. ಅವರು ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದರೂ ನಮ್ಮ ಮನೆಯ ಹೊಸ್ತಿಲು ದಾಟಿ ಅದು ಒಳಗೆ ಬಂದಿರಲಿಲ್ಲ. ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ, ಆ ಮನುಷ್ಯನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಿಗೆ ಅದು. ಅಮ್ಮನಿಗೆ ಹುಟ್ಟಿದ ಗಂಡುಮಗು ಮೂರೇ ದಿನಕ್ಕೆ ತೀರಿಕೊಂಡಿತ್ತು. ನಡುಮನೆಯ ಪಕ್ಕದ ಬಾಣಂತಿ ಕೋಣೆಯಲ್ಲಿ ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ ಇತ್ತು, ತೊಟ್ಟಿಲು ಮಾತ್ರ ಇರಲಿಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಮಾತಿಲ್ಲ, ಊಟವಿಲ್ಲ. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅಪ್ಪನಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ಮಗುವಿನ ಹಿಂದೆಯೇ ಅಮ್ಮನೂ ಹೋಗಿಬಿಡುತ್ತಾಳೆ ಎಂದು ಅಜ್ಜಿ ಅಡಿಗೆಮನೆಯಲ್ಲಿ ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ನಾನು ಆ ಕೋಣೆಯ ಬಾಗಿಲಲ್ಲೇ ಚೌಕಾಬಾರದ ಮನೆ ಬರೆದುಕೊಂಡು ಒಬ್ಬಳೇ ಹುಣಸೆಬೀಜ ಎಸೆಯುತ್ತ ಕೂರುತ್ತಿದ್ದೆ.

ನಜರ್‌ಬಾದಿನಿಂದ ಸೈಕಲ್ ಮೇಲೆ ಬರುತ್ತಿದ್ದ ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ತಾತನಿಗೆ ಹೇಳಿದರು: "ಕೆಂಪು ಔಷಧಿ ಕೊಟ್ಟಿದೀನಿ, ಅದೇನೂ ದೊಡ್ಡದಲ್ಲ. ಇವರನ್ನ ನಗಿಸಿ. ನಕ್ಕರೆ ಹೊಟ್ಟೆ ಅಲ್ಲಾಡುತ್ತೆ, ಹಸಿವಾಗುತ್ತೆ. ಹಸಿದ್ರೆ ಉಣ್ತಾರೆ, ಉಂಡ್ರೆ ನಿದ್ದೆ ಬರುತ್ತೆ."

"ಅದು ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ?" ಅಂದರು ತಾತ. ನಶ್ಯ ಏರಿಸಿಕೊಂಡು ಜಗಲಿಗೆ ಹೋದರು.

ಅವರಿಗೆ ಜಗಲಿಯಲ್ಲಿ ಬೇರೆ ಕೆಲಸವಿತ್ತು. ನಂಜನಗೂಡು ರಸ್ತೆ ಕಡೆಯ ಹಳ್ಳಿಯಿಂದ ಸಣ್ಣತಾಯಮ್ಮ ದಿನಾ ಬೆಳಿಗ್ಗೆ ಹಸು ಹೊಡೆದುಕೊಂಡು ಬಂದು ನಮ್ಮ ಬಾಗಿಲಲ್ಲೇ ಹಾಲು ಕರೆದುಕೊಡುತ್ತಿದ್ದಳು. ಅವಳ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. "ಅಮ್ಮಾವ್ರೇ, ಆಲು" ಅಂತ ಕೂಗಿದರೆ ಸಾಕು, ತಾತ ಅಡ್ಡಗಟ್ಟುತ್ತಿದ್ದರು.

"ಆಲು ಅಲ್ಲ, ಹಾಲು. ಅರಮನೇಲಿ ಕೆಲಸ ಮಾಡಿದೋರ ಮನೆ ಇದು. ಸರಿಯಾಗಿ ಹೇಳು, ಆಮೇಲೆ ಚೆಂಬು ಕೊಡ್ತೀನಿ."

ಐವತ್ತು ದಾಟಿದ ಹೆಂಗಸು ಬಿಸಿಲಲ್ಲಿ ನಿಂತು ಪಾಠ ಒಪ್ಪಿಸಬೇಕಿತ್ತು. ಬೀದಿಯ ಹುಡುಗರು ನೋಡಿ ಕಿಸಿಯುತ್ತಿದ್ದರು. ನಾನೂ ಕಿಸಿದವಳೇ. ಕೊನೆಗೆ ಅವಳಿಗೆ ಹಕಾರ ಬಂತು, ಬೇಡದ ಕಡೆಯೂ ಬಂತು.

"ಹಾಲು ತಂದಿವ್ನಿ, ಹಯ್ನೋರೆ. ಹಮ್ಮಾವ್ರು ಹೆಂಗವ್ರೆ? ಏನೂ ತಿನ್ನಾಕಿಲ್ವಾ? ಒಂದ್ ಲೋಟ ಬಿಸಿ ಹಕ್ಕಿ ಗಂಜಿ ಕುಡ್ಸಿ, ವಸಿ ಹುಪ್ಪು ಹಾಕಿ."

ತಾತ ಜಗಲಿಯಿಂದ ಹಾರಿಬಿದ್ದರು. "ಹಕ್ಕಿ ಗಂಜಿನಾ! ಶಿವ ಶಿವಾ, ನಮ್ಮನೇಲಿ ಹಕ್ಕಿ ಗಂಜಿನಾ!"

"ಊ ಸ್ವಾಮಿ, ಹಳೇ ಹಕ್ಕಿ ಆದ್ರೆ ಇನ್ನೂ ಒಳ್ಳೇದು."

ಕೋಣೆಯೊಳಗೆ ಏನೋ ಬಿದ್ದ ಹಾಗೆ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮ ದಿಂಬಿಗೆ ಮುಖ ಒತ್ತಿಕೊಂಡಿದ್ದಾಳೆ, ಭುಜ ಕುಲುಕುತ್ತಿದೆ. ಅಳುತ್ತಿದ್ದಾಳೆ ಅಂದುಕೊಂಡು ಓಡಿಹೋದೆ. ಅಮ್ಮ ನಗುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಉಸಿರು ಸಿಗದ ಹಾಗೆ ನಗು. ಆಮೇಲೆ ನನ್ನ ಕೈ ಹಿಡಿದು, "ಅಜ್ಜಿಗೆ ಹೇಳೇ, ನಂಗೆ ಒಂದು ಲೋಟ ಹಕ್ಕಿ ಗಂಜಿ ಬೇಕು ಅಂತ" ಅಂದಳು. ಅಜ್ಜಿ ಅಳುತ್ತ ಅಕ್ಕಿ ತೊಳೆದರು. ನನಗಾದ ಸಂತೋಷವನ್ನು ಈಗಲೂ ಹೇಳಲಾರೆ.

ಆಮೇಲೆ ಅದು ದಿನದ ಕಾರ್ಯಕ್ರಮವಾಯಿತು. ಹಸುವಿನ ಗಂಟೆ ಕೇಳಿದರೆ ಅಮ್ಮ ಎದ್ದು ಕೂರುವಳು. ಹೊರಗಿನಿಂದ "ಹಯ್ನೋರ ಹರಮನೇಲಿ ಹಾನೆ ಇತ್ತಂತೆ?" ಅಂತ ಸಣ್ಣತಾಯಮ್ಮನ ಪ್ರಶ್ನೆ, ತಾತನ ತಿದ್ದುಪಡಿ, ಒಳಗೆ ಅಮ್ಮನ ನಗು. ನಕ್ಕ ಮೇಲೆ ಗಂಜಿ. ವಾರ ಕಳೆದ ಮೇಲೆ ಅನ್ನ, ತಿಳಿಸಾರು. ಮಾವಿನಹಣ್ಣು ಬರುವ ಹೊತ್ತಿಗೆ ಅಮ್ಮನ ಬಳೆ ಮಣಿಕಟ್ಟಿನಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಹಾಲು ಕರೆಯುವಾಗ ಪಕ್ಕದಲ್ಲಿ ಕೂತು ಕೇಳಿದೆ, "ನಿಂಗೆ ಇನ್ನೂ ಅಕ್ಕಿ ಅನ್ನೋಕೆ ಬರಲ್ವಾ?"

ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡೇ ಮೆಲ್ಲಗೆ ಅಂದಳು: "ಉಟ್ದಾಗಿಂದ ಅಕ್ಕಿ ಅಂದಿವ್ನಿ ಕಣವ್ವ, ಬರದೆ ಏನು? ಮೊದಲ್ನೇ ದಿನ ಬಾಯ್ತಪ್ತು. ನಿಮ್ಮವ್ವ ನಕ್ಬುಟ್ರು. ಅದ್ಕೇ ಅಂಗಂತೀನಿ. ಮೂರು ಕೂಸು ಮಣ್ಣಿಗೆ ಕೊಟ್ಟೋಳು ನಾನು, ನಂಗೊತ್ತು. ಯಾರ್ಗೂ ಯೋಳ್ಬ್ಯಾಡ."

ನಾನು ಹೇಳಿದೆ. ಅದೇ ವಾರ ತಾತ ನನ್ನ ಅಂಗೈಗೆ ಕಲ್ಲುಸಕ್ಕರೆ ಹಾಕಿ, "ಒಳಗೆ ಅಷ್ಟೊಂದು ನಗು ಯಾತಕ್ಕಮ್ಮ?" ಅಂದರು. ಎಂದೂ ಮೃದುವಾಗಿ ಮಾತಾಡದ ಮನುಷ್ಯ ಮಾತಾಡಿಸಿದರಲ್ಲ, ಉಬ್ಬಿಹೋದೆ. "ಸಣ್ಣತಾಯಮ್ಮಂಗೆ ಎಲ್ಲಾ ಬರುತ್ತೆ ತಾತ. ಬೇಕಂತಲೇ ತಪ್ಪು ಹೇಳ್ತಾಳೆ!"

ತಾತನಿಗೆ ಸೊಸೆ ಬದುಕಿದ್ದು ಕಾಣಲಿಲ್ಲ, ತಾವು ಹಾಸ್ಯದ ವಸ್ತುವಾಗಿದ್ದು ಕಂಡಿತು. ಮಾರನೆಯ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಎರೆದುಕೊಳ್ಳುತ್ತಿದ್ದಾಗ ಸಣ್ಣತಾಯಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದರು. "ನನ್ನನ್ನೇ ಆಡ್ಕೊಳ್ತೀಯಾ? ನಾಳೆಯಿಂದ ಈ ಬೀದೀಲಿ ಕಾಲಿಡಬೇಡ."

ಸಣ್ಣತಾಯಮ್ಮ ತಾತನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಅಂದಳು: "ಹಾಗೇ ಆಗಲಿ ಸ್ವಾಮಿ. ಅಮ್ಮನವರ ಹೊಟ್ಟೆ ತಣ್ಣಗಿರಲಿ."

ಒಂದಕ್ಷರ ತಪ್ಪಿರಲಿಲ್ಲ. ಹಸುವನ್ನು ತಿರುಗಿಸಿಕೊಂಡು ಹೋದಳು.

"ಅವಳೇ ಇನ್ನು ಬರಲ್ಲ ಅಂದ್ಲು" ಎಂದು ತಾತ ಒಳಗೆ ಹೇಳಿದರು. ಅಮ್ಮ ಒದ್ದೆ ತಲೆ ಒರೆಸುತ್ತ ನಿಂತಿದ್ದಳು. "ನಾನು ನಕ್ಕಿದ್ದು ಕೇಳಿಸಿತೇನೋ ಕಣೇ. ಬಾಯಿ ತಿರುಗದೋಳನ್ನ ಆಡ್ಕೊಂಡ್ಹಾಗಾಯ್ತು. ಪಾಪ, ಎಷ್ಟು ನೊಂದ್ಕೊಂಡಳೋ" ಅಂದಳು. ಅಮ್ಮನಿಗೆ ನಿಜ ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಿತ್ತು. ಬಾಗಿಲಿಗೆ ಹೋಗಿ ಹುಣಸೆಬೀಜ ಎಸೆಯುತ್ತ ಕೂತೆ.

ಈಗ ನಾನು ಆಗಿನ ತಾತನಿಗಿಂತ ದೊಡ್ಡವಳು. ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನಗೆಕೂಟ ನಡೆಯುತ್ತದೆ. ಗುಂಡಗೆ ನಿಂತು, ಕೈ ಎತ್ತಿ, ಹೇಳಿಕೊಟ್ಟ ಹಾಗೆ ಹಹ್ಹಹ್ಹ ಅನ್ನುತ್ತಾರೆ. ಬಿಪಿ ಇಳಿಯುತ್ತೆ, ನಿದ್ದೆ ಬರುತ್ತೆ, ಬನ್ನಿ ಅಮ್ಮಾ ಅಂತ ನನ್ನನ್ನೂ ಕರೆಯುತ್ತಾರೆ. ಬರಬಹುದು, ನನಗದು ಯಾರಿಗಿಂತಲೂ ಚೆನ್ನಾಗಿ ಗೊತ್ತು. ಆದರೂ ಮೈ ಉರಿಯುತ್ತದೆ, ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತೇನೆ.

ಅಮ್ಮ ಬದುಕಿದಳು. ಇನ್ನೂ ಮೂವತ್ತು ವರ್ಷ, ಉಂಡುಕೊಂಡು, ಓಡಾಡಿಕೊಂಡು. ಆದರೆ ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು, ಅರ್ಧಕ್ಕೇ ತಡೆದು ಸುತ್ತ ನೋಡುತ್ತಿದ್ದಳು. ತಾತ ಸತ್ತ ಮೇಲೂ ಅಷ್ಟೇ. ಅಮ್ಮ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ ಹೂ ಕಟ್ಟುತ್ತ ಕೂತವಳು ತಟ್ಟನೆ, "ಆ ಸಣ್ಣತಾಯಮ್ಮನ ಮಾತಿಗೆ ನಾನು ನಗಬಾರದಿತ್ತು ಕಣೇ" ಅಂದಳು.

"ಬಿಡಮ್ಮ, ಹಳೇದು" ಅಂದೆ ನಾನು.